ಕಲ್ಲಿಗೂ ನನಗೂ ಏನು ಸಂಬಂಧ ಎಂದವರಿಗೆ

ಪತ್ರ: "ಸಂಪಾದಕರೇ, ನಾನು ಜೀವವಿಜ್ಞಾನ ಓದಬೇಕೆಂದು ಯೂನಿವರ್ಸಿಟಿ ಸೇರಿದವಳು. ಮೊದಲ ಸೆಮಿಸ್ಟರಿನಲ್ಲೇ 'ಭೂಮಿ ಮತ್ತು ಜೀವ' ಅಂತ ಒಂದು ಕಡ್ಡಾಯ ಪೇಪರ್ ತಲೆಗೆ ಕಟ್ಟಿದ್ದಾರೆ. ಅರ್ಧ ಪುಸ್ತಕ ಬರೀ ಕಲ್ಲು, ಖನಿಜ, ಭೂಫಲಕ, ಯುಗಗಳ ಪಟ್ಟಿ. ನನಗೆ ಬೇಕಾದದ್ದು ಜೀವಕೋಶ, ಮೂಳೆ, ರಕ್ತ. ಕಲ್ಲಿಗೂ ನನಗೂ ಏನು ಸಂಬಂಧ? ಇಷ್ಟ ಇದ್ದವರು ಮಾತ್ರ ತೆಗೆದುಕೊಳ್ಳುವಂತೆ ಈ ಪೇಪರನ್ನು ಬದಲಾಯಿಸಬೇಕು ಅಂತ ನಿಮ್ಮ ಪತ್ರಿಕೆ ಬರೆಯಬೇಕು." — ಮೊದಲ ವರ್ಷದ ವಿದ್ಯಾರ್ಥಿನಿ

ಸಂಪಾದಕರ ಉತ್ತರ: ಬರೆಯುತ್ತೇವೆ. ಆದರೆ ನೀವು ಕೇಳಿದ್ದಕ್ಕೆ ಪೂರಾ ಉಲ್ಟಾ ಬರೆಯುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಈ ತಿಂಗಳ ಪತ್ರಗಳ ಕಂತೆಯಲ್ಲಿ ನಿಮ್ಮದನ್ನೇ ಎತ್ತಿಕೊಂಡದ್ದಕ್ಕೆ ಕಾರಣ ಆ ಒಂದು ಪ್ರಶ್ನೆ. ವಾದ ತಪ್ಪು, ಪ್ರಶ್ನೆ ಮಾತ್ರ ಬಂಗಾರ.

ಮೊದಲು ನಿಮ್ಮ ಕಡೆಯ ನ್ಯಾಯ ಒಪ್ಪಿಬಿಡುತ್ತೇನೆ. ಕೇಂಬ್ರಿಯನ್, ಆರ್ಡೊವಿಷಿಯನ್, ಸಿಲೂರಿಯನ್, ಡೆವೋನಿಯನ್ ಅಂತ ರಾತ್ರಿಯಿಡೀ ಉರು ಹೊಡೆದು, ಬೆಳಗ್ಗೆ ಪರೀಕ್ಷೆಯಲ್ಲಿ ಕಕ್ಕಿ, ಮಧ್ಯಾಹ್ನಕ್ಕೆ ಮರೆಯುವುದು ಓದಲ್ಲ, ಶಿಕ್ಷೆ. ಒಂದು ಸೆಮಿಸ್ಟರಿಗೆ ಹಿಡಿಸದಷ್ಟು ಸಿಲಬಸ್ ತುರುಕುತ್ತಾರೆ ಅನ್ನುವುದೂ ನಿಜ. ಆಯ್ತು, ಒಪ್ಪಿದೆ. ಮುಂದೆ ಹೋಗೋಣ.

ನಿಮಗೆ ಮೂಳೆ ಬೇಕು, ಕಲ್ಲು ಬೇಡ ಅಂದಿರಿ. ಮೂಳೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಖನಿಜವೇ ಇದೆಯಲ್ಲ! ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಆದ ಅಪಟೈಟ್ ಎಂಬ ಖನಿಜದ ಅತಿ ಸಣ್ಣ ಹರಳುಗಳು ಅವು. ನಿಮಗೆ ಬೇಡವಾದ ಅರ್ಧ ಪುಸ್ತಕದಲ್ಲಿ, ಫ್ರೆಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ ಮಾಡಿದ ಗಡಸುತನದ ಪಟ್ಟಿ ಇದ್ದೇ ಇರುತ್ತದೆ, 1ರಲ್ಲಿ ಎಲ್ಲಕ್ಕಿಂತ ಮೆದುವಾದ ಟಾಲ್ಕ್, 10ರಲ್ಲಿ ಎಲ್ಲಕ್ಕಿಂತ ಗಡಸಾದ ವಜ್ರ. 5ನೇ ಸಾಲಿನಲ್ಲಿ ಯಾರಿದ್ದಾರೆ ನೋಡಿ. ಅಪಟೈಟ್. ಹಲ್ಲಿನ ಎನಾಮಲ್ ಅಂತೂ ಹೆಚ್ಚುಕಡಿಮೆ ಪೂರ್ತಿ ಅದೇ. ಕಿವಿಯ ಕಥೆ ಇನ್ನೂ ಸ್ವಾರಸ್ಯ. ಒಳಗಿವಿಯಲ್ಲಿ ಕ್ಯಾಲ್ಸೈಟಿನ ಪುಟಾಣಿ ಹರಳುಗಳು ಒಂದು ಲೋಳೆ ಪದರದ ಮೇಲೆ ಕೂತಿರುತ್ತವೆ. ತಲೆ ಬಾಗಿಸಿದರೆ ಅವು ಸರಿಯುತ್ತವೆ, ಕೆಳಗಿರುವ ಕೂದಲಿನಂಥ ಎಳೆಗಳು ಬಾಗುತ್ತವೆ, ಮೇಲು ಯಾವುದು ಕೆಳಗು ಯಾವುದು ಅಂತ ಮಿದುಳಿಗೆ ಗೊತ್ತಾಗುತ್ತದೆ. ಹರಳು ಜಾಗ ತಪ್ಪಿದರೆ ಮಲಗಿದ ಕೋಣೆಯೇ ಗಿರ್ರನೆ ತಿರುಗುತ್ತದೆ. ಸುಣ್ಣದ ಕಲ್ಲು ಆಗಿರುವುದೂ ಇದೇ ಕ್ಯಾಲ್ಸೈಟಿನಿಂದ. ಅಂದರೆ, ಕಲ್ಲಿಗೂ ನನಗೂ ಏನು ಸಂಬಂಧ ಅಂತ ಪತ್ರ ಬರೆಯುವಾಗ ನೀವು ಕುರ್ಚಿಯಿಂದ ಉರುಳದೆ ನೆಟ್ಟಗೆ ಕೂತಿದ್ದೇ ಕಲ್ಲಿನ ದಯೆಯಿಂದ.

ಮೂತ್ರಪಿಂಡದ ಕಲ್ಲನ್ನೂ ಮರೆಯಬಾರದು. ಅದರಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಖನಿಜದ ಹೆಸರು ಹ್ಯೂವೆಲೈಟ್. ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತದೆ. ಈ ಹೆಸರು ವಿಲಿಯಂ ಹ್ಯೂವೆಲ್ ಎಂಬ ಇಂಗ್ಲಿಷ್ ಪಂಡಿತನದು. ಇವನು 1834ರಲ್ಲಿ ಒಂದು ಪುಸ್ತಕ ವಿಮರ್ಶೆ ಬರೆದ. ವಿಜ್ಞಾನ ಹೋಳು ಹೋಳಾಗುತ್ತಿದೆ, ರಸಾಯನದವರು ಒಂದು ಕಡೆ, ಗಣಿತದವರು ಒಂದು ಕಡೆ, ಎಲ್ಲರನ್ನೂ ಸೇರಿಸಿ ಕರೆಯಲು ಒಂದು ಹೆಸರೂ ಇಲ್ಲ ಅಂತ ಅದರಲ್ಲಿ ಕೊರಗಿದ. ಆ ಕೊರಗಿನ ನಡುವೆಯೇ ಅಚ್ಚಿಗೆ ಬಂದ ಪದ ಸೈಂಟಿಸ್ಟ್. ಎಲ್ಲ ವಿಜ್ಞಾನಿಗಳಿಗೂ ಒಂದೇ ಹೆಸರು ಬೇಕು ಅಂದವನ ಹೆಸರು ಕೊನೆಗೆ ಭೂಮಿಯ ಕಲ್ಲಿಗೂ ಹೊಟ್ಟೆಯ ಕಲ್ಲಿಗೂ ಒಟ್ಟಿಗೆ ಅಂಟಿಕೊಂಡಿತು. ನನಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ, ಆದರೂ ಇನ್ನೂ ಕೊಡುತ್ತೇನೆ.

1666ರಲ್ಲಿ ಇಟಲಿಯ ಕರಾವಳಿಯಲ್ಲಿ ಮೀನುಗಾರರು ಒಂದು ದೊಡ್ಡ ಶಾರ್ಕ್ ಹಿಡಿದರು. ಅದರ ತಲೆ ಫ್ಲಾರೆನ್ಸಿಗೆ, ನಿಕೋಲಸ್ ಸ್ಟೆನೋ ಎಂಬ ಡೆನ್ಮಾರ್ಕಿನವನ ಮೇಜಿಗೆ ಬಂತು. ಅವನು ದೇಹ ಕೊಯ್ದು ನೋಡುವವನು, ನಿಮ್ಮ ಕಡೆಯವನು. ಕೆನ್ನೆಯೊಳಗೆ ಜೊಲ್ಲು ತರುವ ನಾಳಕ್ಕೆ ಇವತ್ತಿಗೂ ಅವನ ಹೆಸರಿದೆ. ಶಾರ್ಕಿನ ಹಲ್ಲು ನೋಡುತ್ತಿದ್ದಂತೆ ಅವನಿಗೆ ಹೊಳೆಯಿತು, ಬೆಟ್ಟದ ಬಂಡೆಗಳಲ್ಲಿ ಸಿಗುವ 'ನಾಲಿಗೆ ಕಲ್ಲು'ಗಳೂ ಹೀಗೇ ಇವೆಯಲ್ಲ! ಅವು ಆಕಾಶದಿಂದ ಬಿದ್ದವು, ಕಲ್ಲಾದ ಹಾವಿನ ನಾಲಿಗೆ ಅಂತೆಲ್ಲ ಜನ ಹೇಳುತ್ತಿದ್ದ ಕಾಲ ಅದು. ಸ್ಟೆನೋ ಕೇಳಿಕೊಂಡ: ಹಲ್ಲು ಬಂಡೆಯೊಳಗೆ ಹೋದದ್ದು ಹೇಗೆ? ಬಂಡೆಯೇ ಒಂದು ಕಾಲಕ್ಕೆ ಕೆಸರಾಗಿದ್ದರೆ ಮಾತ್ರ ಸಾಧ್ಯ. ಕೆಸರು ಪದರ ಪದರವಾಗಿ ಕೂರುತ್ತದೆ, ಹಾಗಾದರೆ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. 1669ರಲ್ಲಿ ಅದನ್ನು ಅಚ್ಚು ಹಾಕಿಸಿದ. ನೀವು ಬೈಯುವ ಯುಗಗಳ ಪಟ್ಟಿ ನಿಂತಿರುವುದು ಆ ಒಂದು ಸಾಲಿನ ಮೇಲೆ. ಅದು ಬಂದದ್ದು ಒಂದು ಮೀನಿನ ಬಾಯಿಂದ.

ಡಾರ್ವಿನ್ನನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಬೀಗಲ್ ಹಡಗಿನಲ್ಲಿ ಅವನ ಮನಸ್ಸು ತುಂಬ ಇದ್ದದ್ದು ಭೂವಿಜ್ಞಾನ ಅನ್ನುವುದನ್ನು ಮಾತ್ರ ನಿಮ್ಮ ಪುಸ್ತಕ ನುಂಗಿರುತ್ತದೆ. 1835ರ ಚಿಲಿ ಭೂಕಂಪದ ನಂತರ ಕಡಲಂಚಿನ ಬಂಡೆ ಮೇಲೆದ್ದು, ಅದಕ್ಕೆ ಅಂಟಿದ್ದ ಚಿಪ್ಪುಜೀವಿಗಳು ನೀರಿಲ್ಲದೆ ಕೊಳೆಯುತ್ತಿದ್ದುದನ್ನು ಆ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಕಂಡ, ಡಾರ್ವಿನ್ ಅದನ್ನು ತನ್ನ ಪುಸ್ತಕದಲ್ಲಿ ಬರೆದ. ನೆಲ ಇಷ್ಟಿಷ್ಟೇ ಏರುತ್ತದೆ ಅಂತ ಮನವರಿಕೆಯಾದ ಮೇಲೆ, ಜೀವಿಗಳೂ ಇಷ್ಟಿಷ್ಟೇ ಬದಲಾಗುತ್ತವೆ ಅನ್ನುವುದು ದೂರದ ಮಾತಲ್ಲ.

ಇನ್ನು ಬೇಲಿಯ ಆಚೆ ಕಡೆಯವರ, ಅಂದರೆ ಕಲ್ಲಿನವರ ಎಡವಟ್ಟು. ಬರೀ ನಿಮಗೇ ಬೈದರೆ ಅನ್ಯಾಯ ಅಲ್ವಾ? 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗಸ್ ದ್ವೀಪಗಳ ಬಳಿ, ಸುಮಾರು 2,500 ಮೀಟರ್ ಆಳದಲ್ಲಿ, ಕಡಲ ತಳದ ಬಿಸಿನೀರ ಬುಗ್ಗೆ ಹುಡುಕಲು ಒಂದು ತಂಡ ಹೋಯಿತು. ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದರು. ಬುಗ್ಗೆ ಸಿಕ್ಕಿತು. ಜೊತೆಗೆ ಯಾರೂ ಎಣಿಸದ್ದು ಸಿಕ್ಕಿತು: ಬೆಳಕೇ ಇಲ್ಲದ ಜಾಗದಲ್ಲಿ ಕಿಕ್ಕಿರಿದ ಚಿಪ್ಪುಜೀವಿಗಳು, ಏಡಿಗಳು, ಬಿಳಿ ಕೊಳವೆಯಿಂದ ಕೆಂಪು ತುದಿ ಹೊರಹಾಕಿದ ಉದ್ದುದ್ದ ಹುಳುಗಳು. ಹಡಗಿನಲ್ಲಿ ಒಬ್ಬನೇ ಒಬ್ಬ ಜೀವವಿಜ್ಞಾನಿ ಇರಲಿಲ್ಲ! ಕಲ್ಲಿನ ಕೆಲಸಕ್ಕೆ ಅವರೇಕೆ ಅಂತ. ಕೆಡದಂತೆ ಇಡಲು ಫಾರ್ಮಲಿನ್ನೂ ಸಾಕಾಗದೆ, ಸಿಕ್ಕಿದ ಜೀವಿಗಳಲ್ಲಿ ಕೆಲವನ್ನು ವೋಡ್ಕಾದಲ್ಲಿ ಮುಳುಗಿಸಿ ತಂದರು. ಇದನ್ನು ಎಷ್ಟು ಸಲ ಓದಿದರೂ ನನಗೆ ನಗು ಬರುತ್ತದೆ, ಆಮೇಲೆ ಸ್ವಲ್ಪ ಸಿಟ್ಟೂ ಬರುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ತಿನ್ನುವುದು ಏನನ್ನು? 1980ರಲ್ಲಿ ಹಾರ್ವರ್ಡಿನ ಒಂದು ತರಗತಿಯಲ್ಲಿ ಅತಿಥಿ ಉಪನ್ಯಾಸಕರು ಮಾತಿನ ನಡುವೆ, ಹುಳುವಿನೊಳಗೆ ಗಂಧಕದ ಹರಳು ಕಂಡವು ಅಂದರು. ಕೊಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. ಹಾಗಾದರೆ ಒಳಗೆ ಗಂಧಕ ಬಳಸುವ ಬ್ಯಾಕ್ಟೀರಿಯಾ ಇರಬೇಕು, ಅವೇ ಹುಳುವಿಗೆ ಊಟ ಕೊಡುತ್ತಿವೆ ಅಂದಳು. 1981ರಲ್ಲಿ ಅದನ್ನು ಬರೆದು ತೋರಿಸಿದಳು. ಗಂಧಕ ಕಲ್ಲಿನವರ ವಿಷಯ, ನನ್ನದಲ್ಲ ಅಂತ ಅವತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದರೆ? ನಿಮ್ಮ ಹಾಗೆ, ಅಂತ ಹೇಳಲಿಲ್ಲ ನಾನು.

ರಕ್ತವೂ ಬೇಕು ಅಂದಿದ್ದೀರಿ. ರಕ್ತ ಕೆಂಪಾಗಿರುವುದು ಕಬ್ಬಿಣ ಹೊತ್ತ ಹಿಮೋಗ್ಲೋಬಿನ್‌ನಿಂದ. ಅದರ ಕೆಲಸ ಆಮ್ಲಜನಕ ಸಾಗಿಸುವುದು. ಈ ಎರಡರ ನಂಟು ನಿಮಗಿಂತ ತುಂಬಾ ಹಳೆಯದು. ಭೂಮಿಗೆ ಸುಮಾರು 454 ಕೋಟಿ ವರ್ಷ. ಅದರ ಹೆಚ್ಚುಕಡಿಮೆ ಮೊದಲರ್ಧ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಅಂದರೂ ನಡೆಯುತ್ತದೆ. ಕಬ್ಬಿಣ ಕಡಲ ನೀರಿನಲ್ಲಿ ಕರಗಿಕೊಂಡು ತನ್ನ ಪಾಡಿಗೆ ತಾನಿತ್ತು. ಬಿಸಿಲಿನಿಂದ ಅನ್ನ ಮಾಡಿಕೊಂಡು ಆಮ್ಲಜನಕ ಹೊರಗೆ ಬಿಡುವ ಸಯನೋಬ್ಯಾಕ್ಟೀರಿಯಾ ಬಂದ ಮೇಲೆ, ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯತೊಡಗಿತು. ಕೆಂಪು ಪಟ್ಟೆ, ಬೂದು ಪಟ್ಟೆ, ಮತ್ತೆ ಕೆಂಪು ಪಟ್ಟೆ. ಜಗತ್ತು ಅಗೆದು ಕರಗಿಸುವ ಕಬ್ಬಿಣದ ಅದಿರು ಬಹುಪಾಲು ಬರುವುದು ಇಂಥ ಪಟ್ಟೆ ಬಂಡೆಗಳಿಂದಲೇ. ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಗಾಳಿಯಲ್ಲೂ ಉಳಿಯತೊಡಗಿತು. ಅದು ಮುಟ್ಟಿದ ಕಲ್ಲೆಲ್ಲ ಬದಲಾಯಿತು, ಹೊಸ ಖನಿಜಗಳು ಹುಟ್ಟಿದವು. ಅಮೆರಿಕದ ಖನಿಜ ವಿಜ್ಞಾನಿ ರಾಬರ್ಟ್ ಹೇಜನ್ ಮತ್ತು ಜೊತೆಗಾರರು 2008ರಲ್ಲಿ ಮುಂದಿಟ್ಟ ವಾದ ಇದು: ಭೂಮಿಯ ಮೇಲಿನ ಖನಿಜ ಜಾತಿಗಳಲ್ಲಿ ಸುಮಾರು ಮೂರನೇ ಎರಡು ಪಾಲು, ನೇರವಾಗಿಯೋ ಬಳಸುದಾರಿಯಲ್ಲೋ, ಜೀವ ಇದ್ದದ್ದರಿಂದಲೇ ಹುಟ್ಟಿದ್ದು. ನೀವು ಕಲ್ಲನ್ನು ಬೇಡ ಅನ್ನುತ್ತಿದ್ದೀರಿ, ಕಲ್ಲು ಹುಟ್ಟಿದ್ದು ನಿಮ್ಮವರಿಂದ!

ಈಗ ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ. ಕಾಲೇಜಿನಲ್ಲಿ ಮೋಸ್ ಪಟ್ಟಿ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಕರು ಎರಡು ಬಿಳಿ ಕಲ್ಲು ಕೈಗಿಟ್ಟು, ಯಾವುದು ಯಾವುದು ಹೇಳು ಅಂದರು. ಕಣ್ಣು ಬಿಟ್ಟೆ. ಅವರು ಜೇಬಿನಿಂದ ಒಂದು ಚಾಕು ತೆಗೆದು ಮೊದಲನೆಯದರ ಮೇಲೆ ಎಳೆದರು, ಗೀರು ಬಿತ್ತು, ಬಿಳಿ ಪುಡಿ ಬೆರಳಿಗೆ ಹತ್ತಿತು. ಎರಡನೆಯದರ ಮೇಲೆ ಎಳೆದರು, ಕಲ್ಲಿಗೆ ಏನೂ ಆಗಲಿಲ್ಲ, ಚಾಕುವೇ ಸವೆದು ಬೂದು ಗೆರೆ ಬಿಟ್ಟಿತು. ಕ್ವಾರ್ಟ್ಜ್. ಆಮೇಲೆ ಮೊದಲನೆಯದರ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟರು. ಬುಸ್ಸೆಂದು ನೊರೆ ಬಂತು. "ಸುಣ್ಣದ ಕಲ್ಲು. ಇದೆಲ್ಲ ಚಿಪ್ಪು ಕಣಯ್ಯಾ" ಅಂದರು. ಒಂದೇ ಮಾತು. ಮೂರು ವರ್ಷ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಚಿಪ್ಪುಜೀವಿಗಳ ಚಿತ್ರ ಬಿಡಿಸಿ ಬಣ್ಣ ತುಂಬಿದ್ದೆ, ಕೆಳಗಿನ ಮಹಡಿಯಲ್ಲಿ ಸುಣ್ಣದ ಕಲ್ಲಿನ ಗುಣಲಕ್ಷಣ ಬರೆದಿದ್ದೆ. ನಡುವೆ ಒಂದು ಮೆಟ್ಟಿಲಿತ್ತು, ಅಷ್ಟೇ.

ನನ್ನ ತಕರಾರು ಇರುವುದು ಆ ಮೆಟ್ಟಿಲಿನ ಬಗ್ಗೆ. ನಿಮ್ಮ ಪೇಪರಿನಲ್ಲಿ ಭೂಮಿ ಜಾಸ್ತಿಯಾಗಿಲ್ಲ, ಭೂಮಿಗೂ ಜೀವಕ್ಕೂ ನಡುವೆ ಇರುವ 'ಮತ್ತು' ಸತ್ತಿದೆ. ಮೊದಲರ್ಧ ಒಬ್ಬ ಮೇಷ್ಟ್ರು, ಇನ್ನರ್ಧ ಇನ್ನೊಬ್ಬರು. ಒಬ್ಬರ ತರಗತಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಎ ಭಾಗ, ಬಿ ಭಾಗ, ಎರಡನ್ನೂ ಮುಟ್ಟುವ ಒಂದು ಪ್ರಶ್ನೆ ಹುಡುಕಿದರೂ ಸಿಗುವುದಿಲ್ಲ. ಎಲ್ಲ ಕಡೆ ಹೀಗೆ ಅನ್ನುವುದಿಲ್ಲ, ನನ್ನ ಕಾಲದಲ್ಲಿ ಹೀಗಿತ್ತು, ನಿಮ್ಮ ಪತ್ರ ಓದಿದರೆ ಈಗಲೂ ಹೀಗೇ ಅನಿಸುತ್ತದೆ. ಇದರ ಫಲ ನಮ್ಮ ಕಚೇರಿಯವರೆಗೂ ಬರುತ್ತದೆ. ಒಮ್ಮೆ ಮಣ್ಣಿನ ಬಗ್ಗೆ ಬಂದ ಲೇಖನವನ್ನು ಇಬ್ಬರು ತಜ್ಞರಿಗೆ ಕಳಿಸಿದೆ. ಒಬ್ಬರು, ಖನಿಜದ ಭಾಗ ಸರಿಯಿದೆ, ಉಳಿದದ್ದು ನನ್ನ ವಿಷಯವಲ್ಲ ಅಂದರು. ಇನ್ನೊಬ್ಬರು, ಎರೆಹುಳು ಸರಿಯಿದೆ, ಉಳಿದದ್ದು ನನ್ನ ವಿಷಯವಲ್ಲ ಅಂದರು. ಕಲ್ಲಿನ ಪುಡಿಯನ್ನು ಜೀವಿಗಳು ತಿಂದು, ಉಗುಳಿ, ಸತ್ತು, ಬೆರೆತು ಆದದ್ದಲ್ವಾ ಮಣ್ಣು? ಹಾಗಾದರೆ ಅದು ಯಾರ ವಿಷಯ? ಕೊನೆಗೆ ಲೇಖನ ಹಾಕಿದೆವು, ತಪ್ಪು ಹುಡುಕಿ ಬರೆದವರು ಓದುಗರು.

ಪಟ್ಟಿ ಕಡಿಮೆ ಮಾಡಿ ಅಂತ ಕೇಳಿ, ನಾನೂ ಸಹಿ ಹಾಕುತ್ತೇನೆ. ಪೇಪರೇ ಬೇಡ ಅಂದರೆ ಹಾಕುವುದಿಲ್ಲ.

ಅಷ್ಟರಲ್ಲಿ ಒಂದು ಕೆಲಸ ಮಾಡಿ. 1880ರ ದಶಕದಲ್ಲಿ ಸೆರ್ಗೈ ವಿನೋಗ್ರಾಡ್ಸ್ಕಿ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಮಾಡಿ ತೋರಿಸಿದ್ದು ಇದು. ಉದ್ದನೆಯ ಗಾಜಿನ ಜಾಡಿ ತೊಗೊಳ್ಳಿ. ಕೊಳದ ತಳದ ಕೆಸರಿಗೆ ಹರಿದ ಹಳೇ ಪೇಪರ್, ಪುಡಿ ಮಾಡಿದ ಮೊಟ್ಟೆ ಚಿಪ್ಪು, ಬೇಯಿಸಿದ ಮೊಟ್ಟೆಯ ಹಳದಿ ಭಾಗ ಒಂದು ಚೂರು ಕಲಸಿ ಜಾಡಿಯ ಮುಕ್ಕಾಲು ತುಂಬಿಸಿ. ಕಡ್ಡಿಯಿಂದ ಚುಚ್ಚಿ ಗಾಳಿಗುಳ್ಳೆ ತೆಗೆಯಿರಿ, ಮೇಲೆ ಎರಡು ಬೆರಳು ಅದೇ ಕೊಳದ ನೀರು ಹುಯ್ಯಿರಿ, ಬೆಳಕಿರುವ ಕಿಟಕಿಯಲ್ಲಿ ಇಡಿ. ಮೊದಲ ವಾರ ಏನೂ ಆಗುವುದಿಲ್ಲ, ಬರೀ ಕೆಸರು. ಒಂದೆರಡು ತಿಂಗಳಲ್ಲಿ ತಳ ಕಪ್ಪಾಗುತ್ತದೆ. ಅಲ್ಲಿ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾ ಬಿಟ್ಟ ಗಂಧಕದ ಅನಿಲ ಕೆಸರಿನ ಕಬ್ಬಿಣದ ಜೊತೆ ಸೇರಿ ಖನಿಜವಾಗಿರುತ್ತದೆ, ನಿಮ್ಮ ಕಣ್ಣೆದುರೇ. ಅದರ ಮೇಲೆ ಹಸಿರು, ನೇರಳೆ ಪಟ್ಟೆಗಳು, ಅದೇ ಅನಿಲವನ್ನೂ ಬೆಳಕನ್ನೂ ನಂಬಿ ಬದುಕುವ ಬ್ಯಾಕ್ಟೀರಿಯಾ. ತುದಿಯಲ್ಲಿ ಆಮ್ಲಜನಕ ಬಿಡುವ ಹಸಿರು ಪೊರೆ. ಕೆಳಗಿನದು ಹಳೆಯದು ಅನ್ನುವ ಸ್ಟೆನೋ ನಿಯಮ ಇಲ್ಲಿ ನಡೆಯುವುದಿಲ್ಲ, ಇವು ಒಂದರ ಮೇಲೊಂದು ಬಂದು ಕೂತ ಪದರಗಳಲ್ಲ, ಇದ್ದಲ್ಲೇ ಹುಟ್ಟಿದವು. ಯಾಕೆ ಅಂತ ನಿಮ್ಮ ಇಬ್ಬರು ಮೇಷ್ಟ್ರನ್ನೂ ಒಟ್ಟಿಗೆ ಜಾಡಿಯ ಮುಂದೆ ನಿಲ್ಲಿಸಿ ಕೇಳಿ.

ನನ್ನ ಮೇಜಿನ ಹಿಂದಿನ ಕಿಟಕಿಯಲ್ಲಿ ಒಂದಿದೆ, ಮೂರನೇ ತಿಂಗಳು. ಪಕ್ಕದಲ್ಲಿ ಕೂರುವವರು ಕೊಳೆತ ಮೊಟ್ಟೆ ವಾಸನೆ ಅಂತ ದಿನಾ ಗೊಣಗುತ್ತಾರೆ. ಮುಚ್ಚಳ ಮಾತ್ರ ಬಿಗಿಯಾಗಿ ತಿರುಗಿಸಬೇಡಿ, ಸುಮ್ನೆ ಮೇಲಿಟ್ಟರೆ ಸಾಕು.