ಹಳೇ ಡೆಸ್ಕ್‌ಟಾಪ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಏನು ಮಾಡಲಿ?

ಮೊದಲು ರ‍್ಯಾಮ್ (ಕಂಪ್ಯೂಟರಿನ ಮೆಮೊರಿ ಪಟ್ಟಿ) ಮೇಲೆ ಅನುಮಾನ ಪಡಿ. ನಮ್ಮ ವಿಜಯಪುರದಲ್ಲಿ ಬೇಸಿಗೆಯ ಧೂಳು ಕಿಟಕಿ ಮುಚ್ಚಿದರೂ ಬಿಡಲ್ಲ. ನಮ್ಮನೆ ಪಿಸಿ ಏಪ್ರಿಲ್ ಬಂತೆಂದರೆ ಹೀಗೇ ಮುನಿಸಿಕೊಳ್ಳುತ್ತಿತ್ತು.

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ಕ್ಲಿಪ್ ಸರಿಸಿ ರ‍್ಯಾಮ್ ತೆಗೆಯಿರಿ. ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ರಬ್ಬರ್ ಕಪ್ಪಾದರೆ ಗಾಬರಿ ಬೇಡ, ಅದೇ ಕೊಳೆ. ಪುಡಿಯನ್ನು ಬಾಯಿಂದ ಊದಬೇಡಿ, ಎಂಜಲು ಹಾರುತ್ತೆ! ಒಣ ಬ್ರಷ್ ಸಾಕು. ವಾಪಸ್ ಕೂರಿಸುವಾಗ ‘ಟಕ್’ ಅನ್ನಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಆಗಲೂ ಕಪ್ಪೇನಾ? ಪ್ಲಗ್ ತೆಗೆದು ರ‍್ಯಾಮ್ ಪೂರ್ತಿ ಬಿಚ್ಚಿ, ಮತ್ತೆ ಆನ್ ಮಾಡಿ. ಬೀಪ್ ಕೇಳಿಸಿದರೆ ಮದರ್‌ಬೋರ್ಡಿಗೆ (ಎಲ್ಲ ಭಾಗ ಜೋಡಿಸಿರುವ ಮುಖ್ಯ ಬೋರ್ಡ್) ಜೀವ ಇದೆ ಅಂತ. ಒಳಗೆ ಸಣ್ಣ ಸ್ಪೀಕರ್ ಇದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತೆ.

ಮೊದಲಿಂದಲೂ ತಾರೀಖು, ಟೈಮ್ ತಪ್ಪು ತೋರಿಸುತ್ತಿತ್ತಾ? ಹಾಗಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಕೂಡ ಬದಲಿಸಿ. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್ 2032.

ಕೆಪಾಸಿಟರ್‌ಗಳ (ಬೋರ್ಡಿನ ಮೇಲಿನ ಪುಟ್ಟ ಡಬ್ಬಿಯಂಥವು) ತಲೆ ಉಬ್ಬಿದ್ದರೆ ಸುಮ್ನೆ ರಿಪೇರಿಯವರಿಗೆ ಕೊಡಿ. ಎಸ್‌ಎಂಪಿಎಸ್ ಅನ್ನುವ ಕರೆಂಟ್ ಕೊಡುವ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯಬಹುದು.