ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಇರುವ ಮಗಳನ್ನು ಬೇರೆಡೆ ಸೇರಿಸಿ ಎಂದು ಶಾಲೆಯವರು ಹೇಳುತ್ತಿದ್ದಾರೆ. ಯಾವ ವಿಶೇಷ ಶಾಲೆ ಒಳ್ಳೆಯದು?

2014ರಲ್ಲಿ, ನನ್ನ ಮಗ ನಾಲ್ಕನೇ ತರಗತಿಯಲ್ಲಿದ್ದಾಗ, ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಊರೆಲ್ಲ ಅಲೆದಿದ್ದೆ. ಅವನು ಪಾಠವನ್ನು ಬಾಯಲ್ಲಿ ಚೆನ್ನಾಗಿ ಒಪ್ಪಿಸುತ್ತಿದ್ದ, ಬರೆಯಲು ಕೂತರೆ ಒತ್ತಕ್ಷರಗಳೇ ಇರುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ, ಕಾಫಿ ಕೊಟ್ಟು, "ಇಲ್ಲಿ ಮಗುವಿಗೇ ಹಿಂಸೆ, ನೀವೇ ಯೋಚಿಸಿ" ಎಂದರು. ನಾನು ಅಲ್ಲೇ ಒಂದು ಬಿಳಿ ಹಾಳೆಯಲ್ಲಿ "ಕೌಟುಂಬಿಕ ಕಾರಣಗಳಿಂದ ವರ್ಗಾವಣೆ ಪತ್ರ ನೀಡಬೇಕಾಗಿ ವಿನಂತಿ" ಎಂದು ಬರೆದು ಸಹಿ ಹಾಕಿಕೊಟ್ಟೆ.

ನಾನು ಕೆಟ್ಟದ್ದು ಆ ಅರ್ಜಿಯಿಂದಲೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಇದು ಶಾಲೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೊರಹಾಕುವಂತಿಲ್ಲದ ಮಗುವನ್ನು ತಂದೆಯೇ ಬಿಡಿಸಿಕೊಂಡು ಹೋದರೆ ಅವರ ಕೆಲಸ ಸಲೀಸು. ಕೆಲವು ತಿಂಗಳ ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದೂರು ಒಯ್ದಾಗ ಗುಮಾಸ್ತರು ನನ್ನ ಮುಂದಿಟ್ಟದ್ದು ನನ್ನದೇ ಕೈಬರಹ, ಅದರಲ್ಲಿ ನ್ಯೂನತೆಯ ಮಾತೂ ಇಲ್ಲ, ಶಾಲೆಯ ಒತ್ತಾಯದ ಮಾತೂ ಇಲ್ಲ. ಹೋಗಲಿ ಎಂದು 1995ರ ವಿಕಲಚೇತನರ ಕಾಯ್ದೆಯನ್ನು ತೆರೆದರೆ, ಅದು ಪಟ್ಟಿ ಮಾಡಿದ್ದ 7 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾ ಇರಲೇ ಇಲ್ಲ.

ನಿಮಗೆ ಆ ತೊಂದರೆಯಿಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆನ್ನುವ ಇದೇ ಕಾಯ್ದೆಯ 16ನೇ ಕಲಮು ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಸಂಬಂಧಿಸಿದ್ದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವೆಲ್ಲ 17ನೇ ಕಲಮಿನಲ್ಲಿವೆ. ಶೇ. 40 ಅಥವಾ ಹೆಚ್ಚಿನ ನ್ಯೂನತೆಯಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 31ನೇ ಕಲಮು ಕೊಡುತ್ತದೆ, ಆದರೆ ಆ ಆಯ್ಕೆ ಮಗುವಿನದು. ಮುಖ್ಯೋಪಾಧ್ಯಾಯರಿಗೆ ಅದರಲ್ಲಿ ಪಾಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಓದು ಬರಹದಲ್ಲಿ ಮಾತ್ರ ತೊಡಕಿರುವ ಮಗುವಿಗೆ ವಿಶೇಷ ಶಾಲೆ ಯಾಕೆ ಬೇಕು? ಈಗಿನ ಶಾಲೆಯಲ್ಲೇ ಕೂರಿಸಿ. ನಿಮ್ಹಾನ್ಸ್‌ನಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಲಗತ್ತಿಸಿ, ಸೌಲಭ್ಯಗಳನ್ನು ಒಂದೊಂದಾಗಿ ಹೆಸರಿಸಿ ಮನವಿ ಕೊಡಿ, ನಕಲು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅವರು ಏನೇ ಹೇಳಿದರೂ ಬರೆದು ಕೊಡಲು ಕೇಳಿ. ಉತ್ತರ ಬಾರದಿದ್ದರೆ ಅದೇ ನಕಲಿನೊಂದಿಗೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಿ. ಸಾಕ್ಷಿಗಳನ್ನು ಕರೆಸುವ, ಶಾಲೆಯಿಂದ ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ.