ಲಂಗದೊಳಗೆ ಓಡುವ ಪಾದಗಳು

ಪ್ರಶ್ನೆ: ಅಕ್ಕಾ, ಜಾರ್ಜಿಯಾ ದೇಶದ ಕುಣಿತದ ವೀಡಿಯೊ ನೋಡಿದೆ. ಗಂಡಸರು ಎಗರಿ ಎಗರಿ ಕುಣಿಯುತ್ತಾರೆ. ಹೆಂಗಸರು ಕಾಲಿಗೆ ಗಾಲಿ ಕಟ್ಟಿಕೊಂಡ ಹಾಗೆ ಸುಮ್ನೆ ಜಾರಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳ ಪಾಲಿಗೆ ಇಷ್ಟೇನಾ?
– ಓದುಗರೊಬ್ಬರು, ಸಾಗರ

ಉತ್ತರ: ಗಾಲಿ ಇಲ್ಲ ತಂಗಿ. ನೆಲ ಮುಟ್ಟುವ ಉಡುಪಿನೊಳಗೆ ಪಾದಗಳು ಒಂದೇ ಸಮನೆ ಓಡುತ್ತಿರುತ್ತವೆ. ಹಿಮ್ಮಡಿ ಎತ್ತಿ, ಮಂಡಿ ತುಸು ಸಡಿಲ ಬಿಟ್ಟು, ಪುಟ್ಟ ಪುಟ್ಟ ಹೆಜ್ಜೆ. ತಲೆಯ ಮೇಲೆ ತುಂಬಿದ ಕೊಡ ಇದೆಯೇನೋ ಅನ್ನುವಂತೆ ಮೈ ಅಲುಗಬಾರದು. ಮೂವತ್ತು ವರ್ಷ ಭರತನಾಟ್ಯ ಕಲಿಸಿದ ನಾನು ಮನೆಯ ಹಜಾರದಲ್ಲಿ ಮಾಡಿ ನೋಡಿದೆ. ನೆಲಕ್ಕೆ ಪಾದ ತಟ್ಟುವ ನಮ್ಮ ತಟ್ಟಡವಿನಲ್ಲಿ ಪಾದದ ಸದ್ದು ಕೇಳಲೇಬೇಕು. ಇಲ್ಲಿ ಸದ್ದೇ ಬರಬಾರದು. ಎರಡು ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡಿತು.

ಜೋಡಿಯಾಗಿ ಕುಣಿಯುವ 'ಕಾರ್ತುಲಿ' ಅವರ ಮದುವೆ ಮನೆಯ ಕುಣಿತ. ಗಂಡು ಅವಳನ್ನು ಮುಟ್ಟುವಂತಿಲ್ಲ, ಉಡುಪಿನ ಅಂಚು ಕೂಡ ತಾಗಬಾರದು. ಸುತ್ತಿ ಸುಳಿದು ಓಲೈಸುವುದು ಅವನ ಕೆಲಸ. ಅವಳು ಕಣ್ಣು ತಗ್ಗಿಸಿಯೇ ದೂರ ಸರಿಯುತ್ತಾಳೆ, ಮತ್ತೆ ಹತ್ತಿರ ಬರುತ್ತಾಳೆ. ಎಷ್ಟು ಹತ್ತಿರ ಅನ್ನುವುದು ಅವಳ ಕೈಲಿದೆ ಅಂತಲೇ ನನಗೆ ಕಾಣುತ್ತದೆ.

ಬೆಟ್ಟದ ಸೀಮೆ ಖೆವ್ಸುರೇತಿಯ ಪದ್ಧತಿ ಇನ್ನೂ ದೊಡ್ಡದು. ಕತ್ತಿ ಹಿಡಿದು ಕಾದಾಡುವ ಗಂಡಸರ ನಡುವೆ ಹೆಣ್ಣೊಬ್ಬಳು ತನ್ನ ತಲೆವಸ್ತ್ರ ಎಸೆದರೆ ಜಗಳ ಅಲ್ಲಿಗೇ ನಿಲ್ಲಬೇಕಿತ್ತು. ಆ ವಸ್ತ್ರಕ್ಕೆ 'ಮಂದಿಲಿ' ಅನ್ನುತ್ತಾರೆ. 'ಖೆವ್ಸುರುಲಿ' ಕುಣಿತದಲ್ಲಿ ಇಂದಿಗೂ ಇದನ್ನು ನೋಡಬಹುದು. ಕಿಡಿ ಹಾರಿಸುತ್ತಿದ್ದ ಕತ್ತಿಗಳು ಒಂದು ತುಂಡು ಬಟ್ಟೆಗೆ ನಿಂತುಬಿಡುತ್ತವೆ. ಆ ಗಳಿಗೆಗೆ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

ಹೆಂಗಸರೇ ಕುಣಿಯುವ 'ಸಮಾಯಾ' ನೋಡಿದ್ದೀಯಾ? ಅವರ ಮಾತಿನಲ್ಲಿ 'ಸಮಿ' ಅಂದರೆ ಮೂರು. ವೇದಿಕೆಯ ಮೇಲೆ ಮೂವರು, ಆದರೆ ಮೂವರೂ ಒಬ್ಬಳೇ: ರಾಣಿ ತಾಮಾರ್. ತಂದೆ ಬದುಕಿದ್ದಾಗಲೇ, 1178ರಲ್ಲಿ, ಅವಳಿಗೆ ಕಿರೀಟ ಇಟ್ಟರು. 1184ರಿಂದ ಒಬ್ಬಳೇ ಆಳಿದಳು. ಜನ ಅವಳನ್ನು 'ಮೆಪೆ' ಅಂದರು, ಅಂದರೆ ದೊರೆ. ಇಲಿಕೊ ಸುಖಿಶ್ವಿಲಿ ಮತ್ತು ನೀನೊ ರಮಿಶ್ವಿಲಿ ದಂಪತಿ 1945ರಲ್ಲಿ ಕಟ್ಟಿದ ತಂಡದಿಂದ ಈ ಕುಣಿತ ಲೋಕಕ್ಕೆಲ್ಲ ಗೊತ್ತಾಯಿತು. ಉಡುಪಿಗೆ ಮಾದರಿ ಹಳೆಯ ಚರ್ಚುಗಳ ಗೋಡೆಚಿತ್ರಗಳು.

ದೊರೆ ಎಗರಿ ಕುಣಿಯಬೇಕಿಲ್ಲ, ಅಲ್ವಾ? ಇನ್ನೊಮ್ಮೆ ನೋಡುವಾಗ ಹೆಜ್ಜೆ ಹುಡುಕಬೇಡ ತಂಗಿ. ಎದೆಯ ಮೇಲೆ ಇಳಿಬಿಟ್ಟ ಜಡೆ ನೋಡು, ಎಷ್ಟು ಅಲುಗುತ್ತದೆ ಅಂತ.